ಮಸ್ಟಾಂಗ್ ಜಿಟಿಗೆ ಕಾರ್ಬನ್ ಕ್ಲಚ್ ಕಿಟ್: ಹಿಂದಿನ ಯಾವ ಸದ್ದಿಗೆ ಇದು ಮದ್ದು, ಯಾವುದಕ್ಕಲ್ಲ

ಫೋರ್ಡ್ ಪರ್ಫಾರ್ಮೆನ್ಸ್‌ನ ಎಂ-4700-ಸಿ ಅಂದರೆ 8.8 ಇಂಚಿನ ಡಿಫರೆನ್ಷಿಯಲ್ಲಿನ (ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಗೇರುಪೆಟ್ಟಿಗೆಯ) ಒಳಗೆ ಒಂದೇ ಚಕ್ರ ಸುತ್ತದಂತೆ ತಡೆಯುವ ಕ್ಲಚ್ ಆದ ಟ್ರಾಕ್ಷನ್-ಲಾಕ್‌ಗೆ ಹಾಕುವ ಕಾರ್ಬನ್ ಪ್ಲೇಟುಗಳ ಕಿಟ್. 2005ರಿಂದ 2014ರವರೆಗಿನ ಮಸ್ಟಾಂಗ್ ಜಿಟಿ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಇದರ ಹೆಸರು ಕೇಳಿಯೇ ಕೇಳುತ್ತಾರೆ. ಸಾಮಾನು ಒಳ್ಳೆಯದು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ತೊಂದರೆ ಇರುವುದು ಕೊಳ್ಳುವ ಕ್ರಮದಲ್ಲಿ. ಹಿಂದಿನಿಂದ ಏನೋ ಸದ್ದು ಬಂತು ಎಂದ ಕೂಡಲೇ ಇದನ್ನು ತರಿಸಿ, ಡಿಫರೆನ್ಷಿಯಲ್ ಬಿಚ್ಚಿ, ಪ್ಲೇಟ್ ಬದಲಿಸಿ, ಮತ್ತೆ ಅದೇ ಸದ್ದನ್ನು ಕೇಳುತ್ತಾ ಓಡಿಸುವವರು ಬಹಳ. ಆದ್ದರಿಂದ ಸದ್ದು ಯಾವುದು ಎಂಬುದು ಮೊದಲು ತೀರ್ಮಾನವಾಗಲಿ, ಕಿಟ್ ಆಮೇಲೆ.

ಭಾರತದಲ್ಲಿರುವವರಿಗೆ ಒಂದು ಮಾತು. 2016ರಲ್ಲಿ ಇಲ್ಲಿಗೆ ಬಂದ ಮಸ್ಟಾಂಗ್ ಮುಂದಿನ ತಲೆಮಾರಿನದು, ಅದರ ಹಿಂದಿನ ಸಸ್ಪೆನ್ಷನ್ ಇಂಡಿಪೆಂಡೆಂಟ್. ಸದ್ದು ಗುರುತಿಸುವ ವಿಧಾನ ಬಹುಮಟ್ಟಿಗೆ ಅದಕ್ಕೂ ಹೊಂದುತ್ತದೆ, ಇಲ್ಲಿ ಹೇಳಿರುವ ಬಿಚ್ಚುವ ಕೆಲಸ ಮತ್ತು ಅಳತೆಗಳು ಹೊಂದುವುದಿಲ್ಲ. ಇದು ಮುಖ್ಯವಾಗಿ ಅಮೆರಿಕದಲ್ಲಿ ಹಳೆಯ ಜಿಟಿ ಕೊಂಡಿರುವ, ಕೊಳ್ಳಲಿರುವ ನಮ್ಮವರಿಗೆ. ಹಾಗೆಯೇ 2010ರವರೆಗಿನ ವಿ6 ಮಸ್ಟಾಂಗ್‌ನಲ್ಲಿ ಇರುವುದು 7.5 ಇಂಚಿನ ಡಿಫರೆನ್ಷಿಯಲ್, 8.8 ಅಲ್ಲ.

ಮೊದಲು ಟೈರ್ ನೋಡಿ. ಹಿಂದಿನ ಟೈರಿನ ಮೇಲೆ ಅಂಗೈ ಆಡಿಸಿದಾಗ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಾಗಿದರೆ ಬೇರಿಂಗಿನ ಗೊರಗೊರವನ್ನೇ ಹೋಲುವ ಸದ್ದು ಬರುತ್ತದೆ. ಡಾಂಬರಿನಿಂದ ಕಾಂಕ್ರೀಟಿಗೆ ಬಂದಾಗ ಸದ್ದಿನ ಬಗೆ ಬದಲಾದರೆ ಅದು ಟೈರಿನದು. ಡಿಫರೆನ್ಷಿಯಲ್ ಸದ್ದಿಗೆ ರಸ್ತೆಯ ಮೇಲ್ಮೈ ಲೆಕ್ಕಕ್ಕಿಲ್ಲ.

ನಂತರ ಖಾಲಿ ಹೆದ್ದಾರಿಯಲ್ಲಿ 100 ಕಿ.ಮೀ. ವೇಗ ಹಿಡಿದು ಮೂರು ಸ್ಥಿತಿಯಲ್ಲಿ ಕಿವಿಗೊಡಿ: ಆಕ್ಸಿಲರೇಟರ್ ಒತ್ತಿದಾಗ, ಪೂರ್ತಿ ಬಿಟ್ಟಾಗ, ವೇಗ ಏರದಂತೆ ಇಳಿಯದಂತೆ ಹದವಾಗಿ ಹಿಡಿದಾಗ. ಒತ್ತಿದರೆ ಮಾತ್ರ ಅಥವಾ ಬಿಟ್ಟರೆ ಮಾತ್ರ ಕುಂಯ್ ಎಂದು ಒಂದೇ ಶ್ರುತಿಯಲ್ಲಿ ಎಳೆದರೆ ಅದು ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ಸದ್ದು (ಎಂಜಿನ್ ಕಡೆಯಿಂದ ತಿರುಗುವ ಸಣ್ಣ ಗೇರು ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರು ಕ್ರೌನ್). ಶ್ರುತಿಯಿಲ್ಲದೆ ಗುರ್ರ್ ಎನ್ನುತ್ತಾ, ಒತ್ತಿದಾಗ ಬಿಟ್ಟಾಗ ಜೋರು ಹೆಚ್ಚು ಕಡಿಮೆಯಾಗುತ್ತಿದ್ದರೆ ಪಿನಿಯನ್ ಬೇರಿಂಗ್ ಮೇಲೆ ಅನುಮಾನ. ಆಕ್ಸಿಲರೇಟರ್ ಏನು ಮಾಡಿದರೂ ಬದಲಾಗದ ದಪ್ಪ ಗೊರಗೊರ ಕ್ಯಾರಿಯರ್ (ಕ್ರೌನ್ ಹೊತ್ತು ತಿರುಗುವ ಕವಚ) ಬೇರಿಂಗಿನದೋ ಆಕ್ಸಲ್ ಬೇರಿಂಗಿನದೋ ಆಗಿರುತ್ತದೆ. ನಿಧಾನವಾಗಿ ಎಡಕ್ಕೆ ಬಲಕ್ಕೆ ತೂಗಿಸಿ ಓಡಿಸಿದಾಗ ಒಂದು ಕಡೆಗೆ ಹೆಚ್ಚಾದರೆ ಆಕ್ಸಲ್ ಬೇರಿಂಗ್. ನ್ಯೂಟ್ರಲ್‌ಗೆ ಹಾಕಿದಾಗ ಎಂಜಿನ್ ಇಳಿದು ಸದ್ದು ಹಾಗೆಯೇ ಉಳಿದರೆ ಎಂಜಿನ್ ನಿರಪರಾಧಿ.

ಕಿವಿಯ ಮೇಲೆ ನಂಬಿಕೆ ಸಾಲದಿದ್ದರೆ ಫೋನಿನಲ್ಲಿ ಸದ್ದಿನ ಕಂಪನಾಂಕ ತೋರಿಸುವ ಯಾವುದಾದರೂ ಸ್ಪೆಕ್ಟ್ರಮ್ ಆ್ಯಪ್ ಹಾಕಿ ಪಕ್ಕದಲ್ಲಿ ಕೂತವರ ಕೈಗೆ ಕೊಡಿ. 235/50 ಆರ್18 ಟೈರಿನ ಸುತ್ತಳತೆ ಸುಮಾರು 2.17 ಮೀಟರ್. 100 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 12.8 ಸುತ್ತು ಹೊಡೆಯುತ್ತದೆ. 3.55 ಅನುಪಾತದ ಗೇರಿನಲ್ಲಿ ಕ್ರೌನ್‌ಗೆ 39 ಹಲ್ಲು, ಪಿನಿಯನ್‌ಗೆ 11. ಹಾಗಾಗಿ ಹಲ್ಲು ಹಲ್ಲಿಗೆ ಕೂಡುವ ಸದ್ದು 500 ಹರ್ಟ್ಸ್ ಆಸುಪಾಸಿನಲ್ಲಿ ಚೂಪಾದ ಗೆರೆಯಾಗಿ ನಿಲ್ಲಬೇಕು. ಪಿನಿಯನ್ ಅಥವಾ ಅದಕ್ಕೆ ಬಲ ತರುವ ಪ್ರೊಪೆಲ್ಲರ್ ಶಾಫ್ಟಿನ ಅದುರಾಟ 45 ಹರ್ಟ್ಸ್ ಹತ್ತಿರ, ಚಕ್ರದ್ದು 13ರ ಹತ್ತಿರ. ವೇಗ 80ಕ್ಕೆ ಇಳಿಸಿದಾಗ ಆ 500ರ ಗೆರೆ 400ಕ್ಕೆ ಇಳಿದರೆ ಇನ್ನು ವಾದಕ್ಕೆ ಜಾಗವಿಲ್ಲ, ಅದು ಕ್ರೌನ್-ಪಿನಿಯನ್. ಗೇರ್ ಬದಲಿಸಿದ ಗಾಡಿಯಾದರೆ ಹಲ್ಲಿನ ಲೆಕ್ಕವೂ ಬದಲಾಗುತ್ತದೆ: 3.73ಕ್ಕೆ 41 ಮತ್ತು 11, 3.31ಕ್ಕೆ 43 ಮತ್ತು 13.

ಇಂಥ ಕುಂಯ್‌ಗುಟ್ಟುವಿಕೆಗೆ ಈ ಕಿಟ್ ಏನೂ ಮಾಡದು. ಅದರ ಮೂಲ ಹೆಚ್ಚಾಗಿ ಪಿನಿಯನ್ ಸೀಲ್ ಬದಲಿಸಿದ ದಿನದಲ್ಲಿರುತ್ತದೆ. ಸೀಲ್ ಹಾಕಿ ಪಿನಿಯನ್ ನಟ್ಟನ್ನು ಇಂಪ್ಯಾಕ್ಟ್ ಗನ್ನಿನಿಂದ ಬಿಗಿದರೆ ಒಳಗಿನ ಕ್ರಷ್ ಸ್ಲೀವ್ (ಬಿಗಿದಂತೆ ಕುಗ್ಗಿ ಬೇರಿಂಗಿನ ಬಿಗಿ ನಿರ್ಧರಿಸುವ ಕೊಳವೆ) ಬೇಕಾದ್ದಕ್ಕಿಂತ ಹೆಚ್ಚು ಅಪ್ಪಚ್ಚಿಯಾಗಿ ಬೇರಿಂಗ್ ಮೇಲೆ ಅತಿಯಾದ ಒತ್ತಡ ಕೂರುತ್ತದೆ. ಬೇರಿಂಗ್ ಕಾದು ಸವೆದು ಪಿನಿಯನ್ ಅಲುಗಿದಾಗ ಹಲ್ಲುಗಳ ಹೊಂದಾಣಿಕೆ ಕೆಡುತ್ತದೆ. ಸರಿಯಾದ ಅಳತೆ ಹೀಗೆ: ಹೊಸ ಬೇರಿಂಗ್ ಆದರೆ ಪಿನಿಯನ್ ತಿರುಗಿಸಲು ಬೇಕಾದ ಬಲ 1.8ರಿಂದ 3.3 ನ್ಯೂಟನ್ ಮೀಟರ್, ಹಳೆಯದಾದರೆ ಅದರ ಅರ್ಧದಷ್ಟು. ಒಮ್ಮೆ ಮಿತಿ ಮೀರಿದರೆ ನಟ್ ಸಡಿಲಿಸಿ ಸರಿಮಾಡುವ ದಾರಿಯಿಲ್ಲ, ಹೊಸ ಸ್ಲೀವೇ ಬೇಕು. ಸೀಲ್ ಮಾತ್ರ ಬದಲಿಸುವುದಾದರೆ ಬಿಚ್ಚುವ ಮೊದಲೇ ತಿರುಗಿಸುವ ಬಲ ಅಳೆದು ಬರೆದಿಟ್ಟುಕೊಳ್ಳುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ.

ಕಿರುಚುವ ಹಳೆಯ ಕ್ರೌನ್-ಪಿನಿಯನ್ನಿಗೆ ಶಿಮ್ (ಅಂತರ ಹೊಂದಿಸುವ ಬಿಲ್ಲೆ) ಬದಲಿಸಿ, ಹಲ್ಲುಗಳ ನಡುವಿನ ಸಡಿಲ ಅಂದರೆ ಬ್ಯಾಕ್‌ಲ್ಯಾಷ್ ಹೊಂದಿಸಿ ಸದ್ದು ಅಡಗಿಸುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಸವೆದು ಒಂದಕ್ಕೊಂದು ಒಗ್ಗಿಕೊಂಡ ಹಲ್ಲುಗಳನ್ನು ಜರುಗಿಸಿದರೆ ಸದ್ದು ಹೆಚ್ಚುವುದೇ ಸಾಮಾನ್ಯ. ಜೋಡಿಯಾಗಿ ಹೊಸದು, ಜೊತೆಗೆ ಹೊಸ ಬೇರಿಂಗ್, ಅಷ್ಟೇ.

ಹಾಗಾದರೆ ಕಿಟ್ ಬೇಕಾಗುವುದು ಯಾವಾಗ? ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಪಾರ್ಕಿಂಗ್ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋಗುವಾಗ ಹಿಂದಿನಿಂದ ಗರಗರ ನಡುಕ ಬಂದು ಸೀಟಿಗೆ ತಾಗುವುದು ಒಂದು ಲಕ್ಷಣ. ಜೋರಾಗಿ ಆಕ್ಸಿಲರೇಟರ್ ಒತ್ತಿ ಹೊರಟಾಗ ಒಂದೇ ಚಕ್ರ ಸುತ್ತಿ ರಸ್ತೆಯಲ್ಲಿ ಒಂದೇ ಕಪ್ಪು ಗೆರೆ ಬೀಳುವುದು ಇನ್ನೊಂದು. ಎರಡಕ್ಕೂ ಕಾರಣ ಪ್ಲೇಟುಗಳೇ, ಆದರೆ ಔಷಧ ಬೇರೆ. ತಿರುವಿನಲ್ಲಿ ಎರಡು ಚಕ್ರಗಳ ವೇಗ ಬೇರೆಯಾದಾಗ ಪ್ಲೇಟುಗಳು ಒಂದರ ಮೇಲೊಂದು ಜಾರಬೇಕು. ಆಯಿಲಿನಲ್ಲಿ ಫ್ರಿಕ್ಷನ್ ಮಾಡಿಫೈಯರ್ (ಪ್ಲೇಟುಗಳ ಘರ್ಷಣೆ ಹದಗೊಳಿಸುವ ಸೇರ್ಪಡೆ ದ್ರವ) ಇಲ್ಲದಿದ್ದರೆ ಅಥವಾ ಸತ್ವ ಕಳೆದುಕೊಂಡಿದ್ದರೆ ಅವು ಜಾರುವ ಬದಲು ಹಿಡಿದು ಬಿಟ್ಟು ಹಿಡಿದು ಬಿಟ್ಟು ನಡುಗುತ್ತವೆ. ಹೀಗಿದ್ದಾಗ ಮೊದಲ ಕೆಲಸ ಹೊಸ 75ಡಬ್ಲ್ಯು-140 ಸಿಂಥೆಟಿಕ್ ಆಯಿಲ್ ಮತ್ತು 4 ಔನ್ಸ್, ಅಂದರೆ 118 ಮಿ.ಲೀ. ಮಾಡಿಫೈಯರ್. ಖಾಲಿ ಮೈದಾನದಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ಹತ್ತು ಹನ್ನೆರಡು ಸುತ್ತು ನಿಧಾನವಾಗಿ ಓಡಿಸಿ. ನಡುಕ ನಿಂತರೆ ಕಿಟ್ಟಿನ ಖರ್ಚು ಉಳಿಯಿತು.

ಒಂದೇ ಚಕ್ರ ಸುತ್ತುವುದಾದರೆ ಅಳೆದು ನೋಡಿ. ನ್ಯೂಟ್ರಲ್, ಮುಂದಿನ ಚಕ್ರಗಳಿಗೆ ಅಡ್ಡಗಲ್ಲು, ಹ್ಯಾಂಡ್‌ಬ್ರೇಕ್ ಬಿಟ್ಟು ಹಿಂದಿನ ಒಂದೇ ಚಕ್ರವನ್ನು ಜಾಕಿಯಿಂದ ಎತ್ತಿ ಟಾರ್ಕ್ ರೆಂಚಿನಿಂದ ಹಬ್ ತಿರುಗಿಸಿ. ಅಲುಗಲು ಕನಿಷ್ಠ 27 ನ್ಯೂಟನ್ ಮೀಟರ್ ಬೇಕಾಗಬೇಕು. ಅದಕ್ಕಿಂತ ಕಡಿಮೆಗೇ ತಿರುಗಿದರೆ ಪ್ಲೇಟ್ ಮುಗಿದಿವೆ, ಈಗ ಕಿಟ್ ತರಿಸಿ. (ಹೀಗೆ ಒಂದು ಚಕ್ರ ಎತ್ತಿಟ್ಟು ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಲೇಬೇಡಿ. ನೆಲದ ಮೇಲಿರುವ ಚಕ್ರ ಗಾಡಿಯನ್ನು ಜಾಕಿಯಿಂದ ತಳ್ಳಿಬಿಡುತ್ತದೆ.)

ಕಿಟ್ ಹಾಕುವ ಕೆಲಸದಲ್ಲಿ ನಮಗೆ ಹಿಡಿಸಿದ ಅಂಶ, ಕ್ಯಾರಿಯರ್ ಹೊರತೆಗೆಯಬೇಕಿಲ್ಲ. ಅಂದರೆ ಪಿನಿಯನ್, ಶಿಮ್, ಬ್ಯಾಕ್‌ಲ್ಯಾಷ್ ಯಾವುದನ್ನೂ ಮುಟ್ಟುವುದಿಲ್ಲ. ಸ್ಟ್ಯಾಂಡನ್ನು ಆಕ್ಸಲ್ ಟ್ಯೂಬಿನ ಕೆಳಗೆ ಕೊಟ್ಟು ಚಕ್ರ, ಕ್ಯಾಲಿಪರ್, ಡಿಸ್ಕ್ ಬಿಚ್ಚಿ, ಹಿಂದಿನ ಕವರಿನ ಹತ್ತು ಬೋಲ್ಟ್ ತೆಗೆದರೆ ಎರಡು ಲೀಟರಿನಷ್ಟು ಆಯಿಲ್ ಬೀಳುತ್ತದೆ. ಅದನ್ನು ಹಾಗೇ ಚೆಲ್ಲಬೇಡಿ. ಮ್ಯಾಗ್ನೆಟ್ಟಿಗೆ ಅಂಟಿರುವುದು ಬೆರಳಿನ ನಡುವೆ ಉಜ್ಜಿದಾಗ ನುಣ್ಣನೆಯ ಬೂದು ಲೇಪದಂತಿದ್ದರೆ ಸಹಜ ಸವೆತ. ಮಿಣಮಿಣ ಹೊಳೆಯುವ ತೆಳು ಹಕ್ಕಳೆಗಳು ಬೇರಿಂಗಿನವು. ಕೈಗೆ ಚುಚ್ಚುವ ಚೂರು ಸಿಕ್ಕರೆ ಯಾವುದೋ ಹಲ್ಲು ಹೋಗಿದೆ, ಕಿಟ್ ಬದಿಗಿಟ್ಟು ಪೂರ್ತಿ ಬಿಚ್ಚಬೇಕು. ಡಯಲ್ ಗೇಜಿನಿಂದ ಬ್ಯಾಕ್‌ಲ್ಯಾಷನ್ನೂ ಈಗಲೇ ನೋಡಿಬಿಡಿ: 0.20ರಿಂದ 0.38 ಮಿ.ಮೀ. ಒಳಗಿರಬೇಕು, ಕ್ರೌನ್ ಸುತ್ತಲೂ 0.10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಕ್ಯಾರಿಯರಿಗೆ ಅಡ್ಡಲಾಗಿರುವ ಕ್ರಾಸ್ ಪಿನ್ನಿನ ಲಾಕ್ ಬೋಲ್ಟ್ ತೆಗೆದು ಪಿನ್ ಎಳೆಯಿರಿ. ಆಕ್ಸಲ್ಲನ್ನು ಒಳಕ್ಕೆ ತಳ್ಳಿದರೆ ಅದರ ತುದಿ ಹಿಡಿದಿರುವ ಸಿ-ಕ್ಲಿಪ್ ಕೈಗೆ ಬರುತ್ತದೆ, ಆಕ್ಸಲ್ ಹೊರಗೆ. ಬೇರಿಂಗ್ ಕೂರುವ ಜಾಗದಲ್ಲಿ ಆಕ್ಸಲ್ ಮೇಲೆ ಉಗುರು ಎಳೆದು ನೋಡಿ. ಈ ಡಿಫರೆನ್ಷಿಯಲ್ಲಿನಲ್ಲಿ ರೋಲರುಗಳು ನೇರವಾಗಿ ಆಕ್ಸಲ್ ಮೇಲೆಯೇ ಉರುಳುತ್ತವೆ, ಒಳಗಿನ ರೇಸ್ ಇಲ್ಲ. ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ ಬರೀ ಬೇರಿಂಗ್ ಬದಲಿಸಿ ಪ್ರಯೋಜನವಿಲ್ಲ, ಆಕ್ಸಲ್ಲೂ ಹೋಗಿದೆ. ಮುಂದಿನದು ನಡುವಿನ ಎಸ್ ಸ್ಪ್ರಿಂಗ್. ಅದು ಭಾರೀ ಒತ್ತಡದಲ್ಲಿರುತ್ತದೆ. ಸುರಕ್ಷಾ ಕನ್ನಡಕ ಹಾಕಿ, ದಪ್ಪ ಬಟ್ಟೆ ಅಡ್ಡ ಹಿಡಿದು ಹೊಡೆದು ಹೊರತೆಗೆಯಿರಿ. ಆಮೇಲೆ ಕ್ರಾಸ್ ಪಿನ್ ಮೇಲೆ ಕೂರುವ ಸಣ್ಣ ಗೇರುಗಳಾದ ಸ್ಟಾರ್ ಪಿನಿಯನ್‌ಗಳನ್ನು ಸುತ್ತಿಸಿ ಕಿಂಡಿಯಿಂದ ತೆಗೆದು, ಆಕ್ಸಲ್ಲಿಗೆ ಸೇರುವ ಸನ್ ಗೇರನ್ನು ಪ್ಲೇಟುಗಳ ಸಮೇತ ಎಳೆಯಿರಿ. ಎಡದ ಕಟ್ಟು ಎಡಕ್ಕೆ, ಬಲದ್ದು ಬಲಕ್ಕೆ, ಬೇರೆಬೇರೆ ಇಟ್ಟು ಜೋಡಣೆಯ ಫೋಟೊ ತೆಗೆದುಕೊಳ್ಳಿ. ಹೊಸ ಕಾರ್ಬನ್ ಪ್ಲೇಟುಗಳನ್ನು ಅರ್ಧ ಗಂಟೆ ಮಾಡಿಫೈಯರಿನಲ್ಲಿ ನೆನೆಸಿ ಅದೇ ಕ್ರಮದಲ್ಲಿ ಕೂರಿಸಿ. ಒಣ ಪ್ಲೇಟ್ ಹಾಕಿದರೆ ಸುಡಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಆ ಸಣ್ಣ ಲಾಕ್ ಬೋಲ್ಟ್. ಹಳೆಯದನ್ನು ಮತ್ತೆ ಹಾಕಬೇಡಿ, ಹೊಸದನ್ನು ಥ್ರೆಡ್ ಲಾಕರ್ ಸವರಿ ಹಾಕಿ. ಅದು ತುಂಡಾದರೆ ಕ್ರಾಸ್ ಪಿನ್ ಜಾರಿ ಹೊರಬಂದು ಪಿನಿಯನ್ನಿಗೆ ಬಡಿದು ಹೌಸಿಂಗನ್ನೇ ಒಡೆಯುತ್ತದೆ. ಸಿ-ಕ್ಲಿಪ್ಪುಗಳು ಜಾಗ ಬಿಡದಂತೆ ಆಕ್ಸಲ್ಲನ್ನು ತಡೆದು ನಿಲ್ಲಿಸಿರುವುದೂ ಇದೇ ಪಿನ್, ಅದು ಹೋದರೆ ಚಕ್ರದ ಸಮೇತ ಆಕ್ಸಲ್ ಕಳಚಬಹುದು. ಕವರಿಗೆ ಸಿಲಿಕೋನ್ ಹಚ್ಚಿ 45 ನ್ಯೂಟನ್ ಮೀಟರಿಗೆ ಬಿಗಿದು, ಅದು ಗಟ್ಟಿಯಾದ ಮೇಲೆ ಆಯಿಲ್ ತುಂಬಿ.

ಫಲ ಸ್ಪಷ್ಟ. ಎರಡೂ ಚಕ್ರ ಒಟ್ಟಿಗೆ ಹಿಡಿಯುತ್ತವೆ, ಮೂಲ ಪ್ಲೇಟುಗಳಿಗಿಂತ ಇವು ಬಿಸಿ ತಡೆಯುತ್ತವೆ. ಕೊರತೆಯೂ ಇದೆ: ಹೊಸದರಲ್ಲಿ ತಿರುವಿನ ಗರಗರ ಕೆಲಕಾಲ ಮೂಲದ್ದಕ್ಕಿಂತ ಜಾಸ್ತಿ, ಮಾಡಿಫೈಯರ್ ಮರೆಯುವಂತಿಲ್ಲ. ಇಡೀ ದಿನ ಟ್ರ್ಯಾಕಿನಲ್ಲಿ ಸುತ್ತುವವರು 2012ರ ಬಾಸ್ 302 ಮಸ್ಟಾಂಗಿಗೆ ಆಯ್ಕೆಯಾಗಿ ಸಿಗುತ್ತಿದ್ದ ಟಾರ್ಸೆನ್ (ಗೇರುಗಳಿಂದಲೇ ಎರಡೂ ಚಕ್ರ ಹಿಡಿಸುವ ಡಿಫರೆನ್ಷಿಯಲ್) ಕಡೆ ನೋಡುವುದು ಲೇಸು. ಅದರಲ್ಲಿ ಸವೆಯುವ ಪ್ಲೇಟೇ ಇಲ್ಲ, ಮಾಡಿಫೈಯರೂ ಬೇಡ. ಆದರೆ ಅದಕ್ಕೆ ಕ್ಯಾರಿಯರ್ ಬಿಚ್ಚಿ ಬ್ಯಾಕ್‌ಲ್ಯಾಷ್ ಹೊಸದಾಗಿ ಹೊಂದಿಸಬೇಕು, ಆ ಕೂಲಿ ಕಿಟ್ಟಿಗಿಂತ ದುಬಾರಿ. ರಸ್ತೆಯಲ್ಲೇ ಓಡುವ, ಆಗಾಗ ಡ್ರ್ಯಾಗ್ ಸ್ಟ್ರಿಪ್ ಕಾಣುವ ಜಿಟಿಗೆ ಕಾರ್ಬನ್ ಕಿಟ್ಟೇ ನಮ್ಮ ಆಯ್ಕೆ. ಒಂದನೇ ಗೇರಿನಿಂದ ಎರಡಕ್ಕೆ ಹಾಕುವಾಗ ಬರುವ ಠಕ್ ಸದ್ದಿಗೆ ಮಾತ್ರ ಇದನ್ನು ಕೊಳ್ಳಬೇಡಿ. ಅದಕ್ಕೆ ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟಿನ ಆಟ ಮತ್ತು ಡಿಫರೆನ್ಷಿಯಲ್ ಮೇಲಿನ ಕಂಟ್ರೋಲ್ ಆರ್ಮಿನ ಬುಷ್ ಪರೀಕ್ಷಿಸಿ.