ಏರ್ ರೈಫಲ್ ಗ್ರೂಪ್ ಚದುರಿದರೆ ಮೊದಲು ಯಾವುದಕ್ಕೆ ಕೈ ಹಾಕಬೇಕು? ಸ್ಕ್ರೂ, ಪೆಲೆಟ್, ಓ-ರಿಂಗ್, ಕ್ಲೀನಿಂಗ್ ಹೋಲಿಕೆ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ನನ್ನ 10 ಮೀಟರ್ ಏರ್ ರೈಫಲ್‌ನ ಗ್ರೂಪ್ (ಒಂದೇ ಗುರಿಗೆ ಹೊಡೆದಾಗ ಬೀಳುವ ತೂತುಗಳ ಗುಂಪು) ಹಾಳಾದಾಗ ಒಂದೊಂದಾಗಿ ಎಲ್ಲ ಮದ್ದೂ ಮಾಡಿ ನೋಡಿದೆ. ಜಾಸ್ತಿ ದುಡ್ಡು ತಿಂದಿದ್ದು ಪೆಲೆಟ್, ಅಂದರೆ ಏರ್ ರೈಫಲ್‌ನ ಪುಟ್ಟ ಗುಂಡು. ಜಾಸ್ತಿ ಫಲ ಕೊಟ್ಟಿದ್ದು ಸ್ಟಾಕ್‌ನ (ಭುಜಕ್ಕೆ ಒತ್ತಿ ಹಿಡಿಯುವ ಭಾಗ) ಎರಡು ಸ್ಕ್ರೂ. ರೇಂಜ್‌ನಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವ ಬ್ಯಾರಲ್ ಕ್ಲೀನಿಂಗ್‌ನಿಂದ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ.

ನನ್ನದು ಸೆಕೆಂಡ್ ಹ್ಯಾಂಡ್ ಮ್ಯಾಚ್ ರೈಫಲ್. ಸಿಲಿಂಡರ್‌ಗೆ ಗಾಳಿ ತುಂಬಿಸುವ ಮಾದರಿ, ಮರದ ಸ್ಟಾಕ್, 4.5 ಮಿ.ಮೀ. ಬೋರ್. ಒಂದು ಪೆಲೆಟ್ ಇಡು, ಹೊಡಿ, ಮತ್ತೊಂದು ಇಡು, ಅಷ್ಟೇ. ಈ ಆಟದಲ್ಲಿ ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ. ಇರುತ್ತದೆ, ಒಂದು ರಿಂಗಿನಿಂದ ಇನ್ನೊಂದಕ್ಕೆ 2.5 ಮಿ.ಮೀ. ಹಾಗಾಗಿ ರೈಫಲ್ಲೇ ಎರಡು ಮೂರು ಮಿಲಿಮೀಟರ್ ಆಚೀಚೆ ಎಸೆಯುತ್ತಿದ್ದರೆ ನೀವು ಎಷ್ಟು ಉಸಿರು ಬಿಗಿಹಿಡಿದರೂ ಪ್ರಯೋಜನ ಇಲ್ಲ.

ಪರೀಕ್ಷೆ ಮಾಡಿದ್ದು ಮರಳು ಚೀಲದ ಮೇಲೆ ರೈಫಲ್ ಇಟ್ಟು. ನಿಂತು ಹೊಡೆದು ಹೋಲಿಸಿದರೆ ಅಲ್ಲಿ ಪರೀಕ್ಷೆ ಆಗುವುದು ನಮ್ಮ ಕೈಕಾಲು, ಅಲ್ವಾ? ಒಂದು ಕಾಗದಕ್ಕೆ ಐದು ಪೆಲೆಟ್, ಆಮೇಲೆ ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿದು ಅಳತೆ. ಪೆಲೆಟ್ಟೇ 4.5 ಮಿ.ಮೀ. ಇರುವುದರಿಂದ ಅದಕ್ಕಿಂತ ಒಂದೆರಡು ಮಿಲಿಮೀಟರ್ ಹೆಚ್ಚು ಬಂದರೆ ಖುಷಿಪಡಬಹುದು. ನನ್ನದು 11 ದಾಟಿತ್ತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಇಲ್ಲಿ ಗಾಳಿ ತೆಳು, ಅದಕ್ಕೇ ಹೀಗೆ ಅಂತ ಒಬ್ಬರು ಗಂಭೀರವಾಗಿ ಹೇಳಿದರು. ನಾಲ್ಕು ಗೋಡೆಯ ಒಳಗೆ, ಸೆಕೆಂಡಿನ ನೂರರಲ್ಲಿ ಆರು ಭಾಗದಷ್ಟು ಹೊತ್ತು ಹಾರುವ ಪೆಲೆಟ್‌ಗೆ ಬೆಂಗಳೂರಾದರೇನು, ಮಂಗಳೂರಾದರೇನು.

ಸ್ಕ್ರೂ ಕಥೆ ಹೀಗೆ. ಬ್ಯಾರಲ್ ಕೂತಿರುವ ಲೋಹದ ಭಾಗವನ್ನು ಸ್ಟಾಕ್‌ಗೆ ಹಿಡಿದಿಡುವುದು ಕೆಳಗಿನ ಎರಡು ಸ್ಕ್ರೂ. ಅಲೆನ್ ಕೀ ಹಾಕಿದ ತಕ್ಷಣ ಹಿಂದಿನದು ಬಲ ಹಾಕದೇನೇ ತಿರುಗಿತು. ಮರದ ಸ್ಟಾಕ್ ಮಳೆಗಾಲದಲ್ಲಿ ಉಬ್ಬುತ್ತದೆ, ಮಾರ್ಚ್ ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಸ್ಕ್ರೂ ಇದ್ದಲ್ಲೇ ಇರುತ್ತದೆ, ಹಿಡಿತ ಮಾತ್ರ ಹೋಗಿರುತ್ತದೆ. ಇಲ್ಲಿ ನನಗೆ ಎರಡು ದಾರಿ ಇದ್ದವು. ಕೈ ಅಂದಾಜಿನಲ್ಲಿ ಬಿಗಿ ಮಾಡುವುದು, ಇಲ್ಲವೇ ಟಾರ್ಕ್ ರೆಂಚ್ ಹಿಡಿದು ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿ ಮಾಡುವುದು. ಎರಡನ್ನೂ ಮಾಡಿದೆ. ಅಂದಾಜಿನಲ್ಲಿ ಒಂದು ದಿನ 8 ಮಿ.ಮೀ. ಬಂತು, ಸ್ಕ್ರೂ ತೆಗೆದು ಮತ್ತೆ ಹಾಕಿದರೆ 10 ಹತ್ತಿರ ಹೋಯಿತು. ಬಿಗಿಯಾದಷ್ಟೂ ಒಳ್ಳೇದು ಅಂತ ತಿರುಪಿದಾಗಲೂ ಗ್ರೂಪ್ ಅಗಲವಾಯಿತು. ಟಾರ್ಕ್ ರೆಂಚ್ ಸೈಕಲ್ ಓಡಿಸುವ ಗೆಳತಿಯದ್ದು. ಕಾರ್ಬನ್ ಸೈಕಲ್ ಇರುವವರ ಹತ್ತಿರ ಇಂಥ ಚಿಕ್ಕ ರೆಂಚ್ ಇದ್ದೇ ಇರುತ್ತದೆ, ಕೇಳಿ ನೋಡಿ. ಮುಂದಿನದು ಸ್ವಲ್ಪ, ಹಿಂದಿನದು ಸ್ವಲ್ಪ, ಹೀಗೆ ಸರದಿಯಲ್ಲಿ ಬಿಗಿ ಮಾಡಿದೆ. ಗ್ರೂಪ್ ಏಳೂವರೆ ಆಸುಪಾಸಿಗೆ ಬಂದು ಅಲ್ಲೇ ನಿಂತಿತು. ತೆಗೆದು ಹಾಕಿದರೂ ಅಷ್ಟೇ. ಖರ್ಚು ಸೊನ್ನೆ. ಅದೇ ಕೈಯಲ್ಲಿ ಗುರಿ ನೋಡುವ ಹಿಂದಿನ ಸೈಟ್‌ನ ಸ್ಕ್ರೂ ಕೂಡ ನೋಡಿಬಿಡಿ. ಸೈಟ್ ಹಿಡಿದು ಅಲ್ಲಾಡಿಸಿದಾಗ ಕೂದಲೆಳೆಯಷ್ಟು ಆಡಿದರೂ ಸಾಕು, ಗ್ರೂಪ್ ಕೆಡಲು.

ಇನ್ನು ಪೆಲೆಟ್. ಇಲ್ಲಿ ಎಲ್ಲರಿಗೂ ಒಂದೊಂದು ದೇವರು. ನಾನು ಹೋಲಿಸಿದ್ದು ಆರ್‌ಡಬ್ಲ್ಯುಎಸ್ ಆರ್10, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, ಜೊತೆಗೆ ಅಭ್ಯಾಸಕ್ಕೆ ಅಂತ ಮಾರುವ ಒಂದು ಅಗ್ಗದ ಡಬ್ಬಿ. ಮೊದಲೆರಡೂ 0.53 ಗ್ರಾಂ, ತಲೆ ಚಪ್ಪಟೆ, ಕಾಗದದಲ್ಲಿ ಪಂಚಿಂಗ್ ಮಷಿನ್ ಹೊಡೆದಂತೆ ದುಂಡಗೆ ತೂತು ಬೀಳುತ್ತದೆ. ಇವುಗಳಲ್ಲಿ ತಲೆಯ ಅಳತೆ 4.49, 4.50 ಅಂತ ಬೇರೆ ಬೇರೆ ಸಿಗುತ್ತದೆ. ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗ ಏನು ಮಹಾ ಅನ್ನಿಸಬಹುದು. ಆದರೆ ಬ್ರೀಚ್‌ಗೆ (ಬ್ಯಾರಲ್‌ನ ಹಿಂಬದಿಯ ಬಾಯಿ) ಪೆಲೆಟ್ ತಳ್ಳುವಾಗ ಹೆಬ್ಬೆರಳಿಗೇ ಅದು ಗೊತ್ತಾಗುತ್ತದೆ: 4.49 ಸುಮ್ನೆ ಜಾರಿ ಕೂರುತ್ತದೆ, 4.50 ಸ್ವಲ್ಪ ತಡೆದು ಆಮೇಲೆ ಒಳಗೆ ಹೋಗುತ್ತದೆ. ನನ್ನ ಬ್ಯಾರಲ್‌ಗೆ ಹಿಡಿಸಿದ್ದು 4.50. ಎರಡು ಕಂಪನಿಗಳ 4.50 ನಡುವೆ ವ್ಯತ್ಯಾಸ ಅರ್ಧ ಮಿಲಿಮೀಟರ್ ಕೂಡ ಬರಲಿಲ್ಲ. ಒಂದೇ ಕಂಪನಿಯ 4.49ಕ್ಕೂ 4.50ಕ್ಕೂ ಒಂದು ಮಿ.ಮೀ. ಬಂತು. ಬ್ರ್ಯಾಂಡ್ ಜಗಳ ಬಿಟ್ಟು ಮೊದಲು ಅಳತೆ ನೋಡಿ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಬ್ಯಾರಲ್‌ಗೆ 4.49 ಹಿಡಿಸಬಹುದು, ನನ್ನ ಮಾತು ಕೇಳಿ ಡಬ್ಬಿಗಟ್ಟಲೆ ತರಬೇಡಿ. ಪಕ್ಕದ ಲೇನ್‌ನವರ ಹತ್ತಿರ ಹತ್ತು ಹತ್ತು ಪೆಲೆಟ್ ಕೇಳಿ ತಗೊಳ್ಳಿ, ಯಾರೂ ಇಲ್ಲ ಅನ್ನಲ್ಲ.

ಅಗ್ಗದ ಡಬ್ಬಿಯಲ್ಲಿ ತೊಂದರೆ ಹಿಂಬದಿಯ ಅಂಚಿನದು. ಕನ್ನಡಿ ತುಂಡಿನ ಮೇಲೆ ಉರುಳಿಸಿದರೆ ಸೊಟ್ಟಗಿರುವುದು ಕುಣಿಯುತ್ತಾ ಹೋಗುತ್ತದೆ. ಅಂಥದ್ದನ್ನು ಆರಿಸಿ ತೆಗೆದ ಮೇಲೆ ಉಳಿದದ್ದು ಅಭ್ಯಾಸಕ್ಕೆ ಪರವಾಗಿಲ್ಲ. ತೂಕ ಮಾಡಿ ವಿಂಗಡಿಸಿದ್ದೂ ಆಯಿತು. ಅವೆನ್ಯೂ ರೋಡ್‌ನಲ್ಲಿ ಆಭರಣದ ಕೆಲಸ ಮಾಡುವ ನಮ್ಮ ಮಾವನ ತಕ್ಕಡಿಯಲ್ಲಿ ಒಂದೊಂದೇ ಪೆಲೆಟ್ ಇಟ್ಟು ನೋಡಿದೆ, ಅವರು ನಗುತ್ತಲೇ ಇದ್ದರು. ಒಳ್ಳೆಯ ಪೆಲೆಟ್‌ನಲ್ಲಿ ಅದರಿಂದ ಗ್ರೂಪ್ ಬದಲಾಗಲಿಲ್ಲ.

ಸ್ಕ್ರೂ, ಪೆಲೆಟ್ ಎರಡೂ ಸರಿಯಾದ ಮೇಲೆ ತೂತುಗಳು ಅಡ್ಡಕ್ಕೆ ಒತ್ತೊತ್ತಾಗಿ ಬಂದವು, ಮೇಲೆ ಕೆಳಗೆ ಮಾತ್ರ ಚಾಚಿದ್ದವು. ಹೀಗಾದರೆ ವೇಗದ ಮೇಲೆ ಅನುಮಾನ ಪಡಬೇಕು. ಸೆಕೆಂಡಿಗೆ 175 ಮೀಟರ್ ಹೋಗುವ ಪೆಲೆಟ್ 10 ಮೀಟರ್ ದಾಟುವಷ್ಟರಲ್ಲಿ ಸುಮಾರು 16 ಮಿ.ಮೀ. ಕೆಳಗಿಳಿಯುತ್ತದೆ. ವೇಗ 170ಕ್ಕೆ ಬಂದರೆ ಸುಮಾರು 17. ಆ ಒಂದು ಮಿಲಿಮೀಟರೇ ಕಾಗದದ ಮೇಲೆ ಉದ್ದಕ್ಕೆ ಕಾಣುವುದು. ಬ್ರೀಚ್ ಹತ್ತಿರ ಟಿಶ್ಯೂ ಪೇಪರ್‌ನ ಸಣ್ಣ ಪಟ್ಟಿ ಇಳಿಬಿಟ್ಟು, ಟಾರ್ಗೆಟ್ ಕಡೆಗೇ ತಿರುಗಿಸಿ ಒಂದು ಹೊಡೆದೆ. ಪಟ್ಟಿ ಪಟ್ಟನೆ ಹಾರಿತು, ಗಾಳಿ ಹಿಂದಕ್ಕೆ ಸೋರುತ್ತಿತ್ತು. ಅಲ್ಲಿ ಗಾಳಿ ತಡೆಯುವುದು ಓ-ರಿಂಗ್ ಅನ್ನುವ ರಬ್ಬರ್ ಬಳೆ. ಎಸ್‌ಜೆಪಿ ರೋಡ್‌ನ ಅಂಗಡಿಯಲ್ಲಿ ಹಳೇ ಓ-ರಿಂಗ್ ತೋರಿಸಿದೆ. "ಯಾವ ಗಾಡೀದು ಮೇಡಂ?" ಅಂದರು. ರೈಫಲ್‌ದು ಅಂದಾಗ ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಡಬ್ಬಿ ಸುರಿದು ಅಳತೆಗೆ ಸರಿಯಾದದ್ದು ಹುಡುಕಿ ಕೊಟ್ಟರು. ಕಂಪನಿಯ ಒರಿಜಿನಲ್ ಕೂಡ ತರಿಸಿ ಹಾಕಿ ನೋಡಿದೆ. ಕಾಗದದ ಮೇಲೆ ಎರಡೂ ಒಂದೇ, ಗ್ರೂಪ್ ಆರರ ಹತ್ತಿರ. ಆದರೆ ಅಂಗಡಿಯದು ಬೇಗ ಸವೆಯಿತು, ಈಗ ಒರಿಜಿನಲ್ಲೇ ಇದೆ. ಹಚ್ಚುವುದಾದರೆ ಚೂರು ಸಿಲಿಕೋನ್ ಗ್ರೀಸ್ ಮಾತ್ರ. ಹೊಲಿಗೆ ಮಷಿನ್ ಎಣ್ಣೆ ಗಿಣ್ಣೆ ಒತ್ತಡದ ಗಾಳಿಯ ಹತ್ತಿರ ತರಲೇಬೇಡಿ, ಉರಿ ಹತ್ತುವ ಅಪಾಯ ಇದೆ.

ಕ್ಲೀನಿಂಗ್ ಬಗ್ಗೆ ಎರಡೇ ಮಾತು. ಫೆಲ್ಟ್ ಬಟ್ಟೆಯ ತುಂಡು ಬ್ಯಾರಲ್ ಒಳಗೆ ತೂರಿಸಿದರೂ, ದಾರ ಕಟ್ಟಿದ ಬಟ್ಟೆ ಎಳೆದರೂ ಒಂದಿಷ್ಟು ಕಪ್ಪು ಬಂತು, ಗ್ರೂಪ್ ಇದ್ದಂತೆಯೇ ಇತ್ತು. ಕ್ಲೀನ್ ಆದ ಕೂಡಲೇ ಮೊದಲ ಕೆಲವು ಪೆಲೆಟ್ ಎಲ್ಲೆಲ್ಲೋ ಹೋಗುತ್ತವೆ, ಹಾಗಾಗಿ ಮ್ಯಾಚ್‌ನ ಹಿಂದಿನ ರಾತ್ರಿ ಬೇಡ. ಬಟ್ಟೆ ಎಳೆಯುವುದು ಬ್ರೀಚ್ ಕಡೆಯಿಂದಲೇ ಇರಲಿ, ಕಬ್ಬಿಣದ ಕಡ್ಡಿ ಬೇಡ. ಬ್ಯಾರಲ್ ತುದಿಯ ಅಂಚು ಗೀಚಿಹೋದರೆ ನಿಜವಾದ ತಲೆನೋವು ಆಗ ಶುರು. ರೈಫಲ್ ಖಾಲಿ ಮಾಡಿ, ಸಿಲಿಂಡರ್ ಬಿಚ್ಚಿಟ್ಟು, ಇಯರ್ ಬಡ್ ಒಂದನ್ನು ಆ ಅಂಚಿನ ಸುತ್ತ ತಿರುಗಿಸಿ ನೋಡಿ. ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಗೀಚಿದೆ ಅಂತ ಅರ್ಥ. ಪೀಣ್ಯದಲ್ಲಿ ಲೇತ್ ಇರುವ ಪರಿಚಯದವರು ಸಿಗುತ್ತಾರೆ ಅಂತ ಅಲ್ಲಿಗೆ ಒಯ್ಯುವ ಆಸೆ ಆಗುತ್ತದೆ. ಬೇಡ, ಅದು ರೈಫಲ್ ಬಲ್ಲವರ ಕೆಲಸ. ತುಂಬ ಹೊತ್ತು ಬಿಟ್ಟು ಹೊಡೆದಾಗ ಮೊದಲ ಪೆಲೆಟ್ ಮಾತ್ರ ಮೇಲೆ ಹೋಗುತ್ತಿದ್ದರೆ ರೆಗ್ಯುಲೇಟರ್ (ಪ್ರತಿ ಹೊಡೆತಕ್ಕೂ ಗಾಳಿಯ ಒತ್ತಡ ಒಂದೇ ಸಮ ಇಡುವ ಭಾಗ) ಒತ್ತಡ ಏರುತ್ತಿರಬಹುದು. ಅದನ್ನೂ ಮನೆಯಲ್ಲಿ ಬಿಚ್ಚಬೇಡಿ, ಸಿಲಿಂಡರ್‌ನಲ್ಲಿ 200 ಬಾರ್ ತನಕ ಗಾಳಿ ಇರುತ್ತದೆ. ಸರ್ವೀಸ್‌ಗೆ ಕಳಿಸಿ, ಅಲ್ಲಿಯವರೆಗೆ ಮೊದಲ ಒಂದೆರಡು ಪೆಲೆಟ್ ಸೈಟಿಂಗ್‌ನಲ್ಲೇ (ಅಂಕ ಎಣಿಸದ ಮೊದಲ ಹೊಡೆತಗಳಲ್ಲಿ) ಹೊಡೆದು ಮುಗಿಸಿ.