ಕಬಡ್ಡಿ ಮ್ಯಾಟ್ ಪಕ್ಕ ಕೂತಾಗ: 70-200 ಬೇಕಾ, 85 ಸಾಕಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು 85 ಎಂಎಂ ಲೆನ್ಸಿಗೆ. ಕಬಡ್ಡಿ ಫೋಟೊ ತೆಗೆಯಬೇಕು ಅಂತ ಯಾರನ್ನೇ ಕೇಳಿ, ಬರುವ ಉತ್ತರ ಒಂದೇ: '70-200 ಎಫ್2.8 ತಗೊಂಡು ಹೋಗು, ಬೇರೆ ಯೋಚನೆನೇ ಬೇಡ.' ಅಂದರೆ 70ರಿಂದ 200 ಎಂಎಂವರೆಗೆ ತಿರುಗಿಸಬಹುದಾದ ಝೂಮ್ ಲೆನ್ಸ್; ಎಫ್ ಸಂಖ್ಯೆ ಕಮ್ಮಿ ಇದ್ದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ. ನನಗೂ ಅದನ್ನೇ ಹೇಳಿದರು. ಬಾಡಿಗೆಗೆ ತಂದೆ. ಬ್ಯಾಗಿನಲ್ಲಿ ಜಾಗ ಮಿಕ್ಕಿತ್ತು ಅಂತ, ಮದುವೆ ಮನೆಗಳಿಗೆ ಒಯ್ಯುತ್ತಿದ್ದ ಝೂಮ್ ಇಲ್ಲದ ಹಳೇ ನಿಕಾನ್ 85 ಎಂಎಂ ಎಫ್1.8 ಕೂಡ ಹಾಕಿಕೊಂಡೆ. ಕೊನೆಗೆ ಕಳಿಸಿದ ಫೋಟೊಗಳಲ್ಲಿ ಮುಕ್ಕಾಲು ಪಾಲು ಆ ಹಳೇ ಲೆನ್ಸಿನವೇ.

2022ರ ಅಕ್ಟೋಬರ್ 7. ಪ್ರೊ ಕಬಡ್ಡಿ ಒಂಬತ್ತನೇ ಸೀಸನ್ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಶುರುವಾದ ದಿನ. ಅದರ ಹಿಂದಿನ ಸೀಸನ್ ಕೊರೊನಾದಿಂದಾಗಿ ಪೂರ್ತಿ ವೈಟ್‌ಫೀಲ್ಡಿನ ಹೋಟೆಲ್ ಒಳಗೆ, ಪ್ರೇಕ್ಷಕರೇ ಇಲ್ಲದೆ ನಡೆದಿತ್ತು. ಹಾಗಾಗಿ ಈ ಸಲ ಜನರ ಕೂಗು ಕೇಳಬೇಕಿತ್ತು! ಪರಿಚಯದವರ ಸಣ್ಣ ವೆಬ್‌ಸೈಟಿಗೆ ಫೋಟೊ ಬೇಕಿತ್ತು, ಪಾಸ್ ಸಿಕ್ಕಿತು. ಅಲ್ಲಿವರೆಗೆ ನಾನು ತೆಗೆದಿದ್ದ ಕಬಡ್ಡಿ ಎಂದರೆ ಊರ ಹಬ್ಬದ ಹೊನಲು ಬೆಳಕಿನ ಪಂದ್ಯಗಳು ಮಾತ್ರ. ವೃತ್ತಿಪರ ಲೀಗಿನಲ್ಲಿ ಇದೇ ಮೊದಲು. ಅವತ್ತು ಮೂರು ಪಂದ್ಯ: ಡೆಲ್ಲಿ-ಮುಂಬಾ, ನಮ್ಮ ಬೆಂಗಳೂರು ಬುಲ್ಸ್-ತೆಲುಗು ಟೈಟನ್ಸ್, ಆಮೇಲೆ ಜೈಪುರ-ಯುಪಿ. ಎರಡು ಲೆನ್ಸನ್ನು ಪರೀಕ್ಷೆ ಮಾಡೋಕೆ ಇದಕ್ಕಿಂತ ಒಳ್ಳೇ ಸಂಜೆ ಸಿಗಲ್ಲ.

ಮೊದಲು 70-200ರ ಕಥೆ. ಡೆಲ್ಲಿ-ಮುಂಬಾ ಪಂದ್ಯದ ಮೊದಲರ್ಧ ಪೂರ್ತಿ ಅದರಲ್ಲೇ ತೆಗೆದೆ. ಕ್ಯಾಮೆರಾ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಐದು ನಿಮಿಷದ ಬ್ರೇಕಿನಲ್ಲಿ ಝೂಮ್ ಮಾಡಿ ನೋಡಿದರೆ ದಾಳಿಗೆ ಬಂದ ರೇಡರ್ ಮುಖ ಮಂಜು. ಅವನ ಹಿಂದೆ, ಹಿಡಿಯೋಕೆ ನಿಂತ ಡಿಫೆಂಡರ್‌ನ ನೀ-ಕ್ಯಾಪ್ ಮಾತ್ರ ಹೊಲಿಗೆ ಎಣಿಸುವಷ್ಟು ಸ್ಪಷ್ಟ. ಒಂದಲ್ಲ ಎರಡಲ್ಲ, ಸಾಲಾಗಿ ಹಾಗೇ. ಫೋಕಸ್ ಪಾಯಿಂಟ್ ರೇಡರ್ ಎದೆಯ ಮೇಲೇ ಇದೆ, ಫೋಕಸ್ ಮಾತ್ರ ಅವನನ್ನು ದಾಟಿ ಹಿಂದಕ್ಕೆ ಹೋಗಿ ಕೂತಿದೆ.

ಮಿರರ್‌ಲೆಸ್ ಕ್ಯಾಮೆರಾ ಇರುವವರು ಮುಂದಿನ ಎರಡು ಪ್ಯಾರಾ ಹಾರಿಸಿಕೊಂಡು ಹೋಗಬಹುದು, ನಿಮಗೆ ಈ ತಲೆನೋವಿಲ್ಲ. ನನ್ನದು ನಿಕಾನ್ ಡಿ750, ಕನ್ನಡಿ ಇರುವ ಡಿಎಸ್‌ಎಲ್‌ಆರ್. ಇದರಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಫೋಟೊ ಮೂಡುವ ಸೆನ್ಸರ್ ಬೇರೆ. ಎರಡರ ಲೆಕ್ಕ ಕೂದಲೆಳೆಯಷ್ಟು ತಪ್ಪಿದರೂ ಫೋಕಸ್ ಮುಂದಕ್ಕೋ ಹಿಂದಕ್ಕೋ ಜಾರುತ್ತದೆ. ಒಂದು ಕ್ಯಾಮೆರಾಗೆ ಸರಿ ಹೊಂದುವ ಲೆನ್ಸ್ ಇನ್ನೊಂದು ಕ್ಯಾಮೆರಾಗೆ ಹೊಂದದೇ ಇರಬಹುದು. ಬಾಡಿಗೆ ಅಂಗಡಿಯ ಲೆನ್ಸ್ ಎಷ್ಟು ಕೈ ದಾಟಿದೆಯೋ, ಎಷ್ಟು ಸಲ ಬಿದ್ದು ಎದ್ದಿದೆಯೋ ಯಾರಿಗೆ ಗೊತ್ತು? ಅಂಗಡಿಯಲ್ಲಿ ಗಾಜಿನ ಮೇಲೆ ಗೀರು ಇದೆಯಾ ಅಂತ ಟಾರ್ಚ್ ಬಿಟ್ಟು ತೋರಿಸಿದರು, ಅಷ್ಟೆ.

ಈ ಜಾರುವಿಕೆ ಸರಿಪಡಿಸೋಕೆ ಕ್ಯಾಮೆರಾ ಮೆನುವಿನಲ್ಲಿ ಎಎಫ್ (ಆಟೋಫೋಕಸ್) ಫೈನ್-ಟ್ಯೂನ್ ಅಂತ ಇದೆ. ಮೈನಸ್ 20ರಿಂದ ಪ್ಲಸ್ 20ರವರೆಗೆ ಸರಿಸಬಹುದು. ಫೋಕಸ್ ಹಿಂದಕ್ಕೆ ಹೋಗುತ್ತಿದ್ದರೆ ಮೈನಸ್ ಕಡೆಗೆ ಹೋಗಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಜಾಹೀರಾತು ಬೋರ್ಡಿನ ಅಕ್ಷರ ನೋಡಿಕೊಂಡು ಅಂದಾಜಿಗೆ ಮೈನಸ್ 10 ಹಾಕಿದೆ. 200ರಲ್ಲಿ ಸರಿಯಾಯಿತು. ಖುಷಿಯಿಂದ 70ಕ್ಕೆ ತಿರುಗಿಸಿದರೆ ಅಲ್ಲಿ ಫೋಕಸ್ ಮುಂದಕ್ಕೆ ಬಂದು ನಿಂತಿದೆ! ಡಿ750ಯಲ್ಲಿ ಒಂದು ಲೆನ್ಸಿಗೆ ಒಂದೇ ಸಂಖ್ಯೆ, ಝೂಮಿನ ಎರಡು ತುದಿಗೆ ಬೇರೆ ಬೇರೆ ಕೊಡೋಕಾಗಲ್ಲ. ಅಂದರೆ ದುಡ್ಡು ಕೊಟ್ಟು ತಂದ ಝೂಮ್ ಲೆನ್ಸನ್ನು ಒಂದೇ ಕಡೆ ಇಟ್ಟು ಬಳಸಬೇಕು. ಹಾಗಿದ್ದರೆ ಝೂಮ್ ಯಾಕೆ, ಅಲ್ವಾ?

ಎರಡನೇ ಪಂದ್ಯಕ್ಕೆ 85 ಹಾಕಿದೆ. ಅದರ ಫೋಕಸ್ ಮನೆಯಲ್ಲಿ ಹಳೇ ಪೇಪರ್ ಓರೆಯಾಗಿ ಹರಡಿ ಎಂದೋ ಸರಿ ಮಾಡಿಟ್ಟಿದ್ದೆ.

ಲೆಕ್ಕ ಕೂಡ 85ರ ಕಡೆಗೇ ಇದೆ. ನಮ್ಮನ್ನು ಕೂರಿಸಿದ್ದು ಮ್ಯಾಟಿನ ಕೊನೆಯ ಗೆರೆಯಿಂದ ಸುಮಾರು ಮೂರು ಮೀಟರ್ ಹಿಂದೆ. ಮ್ಯಾಟ್ ಉದ್ದ 13 ಮೀಟರ್, ಅರ್ಧ ಅಂದರೆ ಆರೂವರೆ. ಮಿಡ್ ಲೈನ್ ನನ್ನಿಂದ ಹೆಚ್ಚುಕಮ್ಮಿ ಒಂಬತ್ತೂವರೆ ಮೀಟರ್ ದೂರ. ಅಷ್ಟು ದೂರದಲ್ಲಿ 85ರ ಚೌಕಟ್ಟಿನಲ್ಲಿ ನಾಲ್ಕು ಮೀಟರ್ ಅಗಲ ಹಿಡಿಯುತ್ತದೆ. ಕೈಕಾಲು ಚಾಚಿ ಬಿದ್ದ ರೇಡರ್, ಅವನ ಮೇಲೆ ಬಿದ್ದ ಮೂರು ಜನ, ಎಲ್ಲ ಒಳಗೆ. 200ರಲ್ಲಿ ಎರಡು ಮೀಟರೂ ಇಲ್ಲ. ಫೋಕಸ್ ಸರಿಯಾಗಿರುವ ಆಳವೂ ಹಾಗೇ: 200 ಎಫ್2.8ರಲ್ಲಿ ಒಂದು ಮೊಳದಷ್ಟೂ ಇಲ್ಲ, 85ರಲ್ಲಿ ಎಫ್1.8 ಇಟ್ಟರೂ ಒಂದೂಕಾಲು ಮೀಟರ್ ಮೇಲೆ.

ಇನ್ನೊಂದು ವಿಷಯ ನನಗೆ ಅವತ್ತು ಹೊಳೆದದ್ದು. ರೇಡರ್ ನಮ್ಮ ಕಡೆಯ ಅಂಕಣಕ್ಕೆ ಬಂದಾಗ ಅವನ ಮುಖ ನಮಗೆ ಎದುರು. ಆದರೆ ಮಧ್ಯೆ ಕೈ ಕೈ ಹಿಡಿದು ನಿಂತ ಡಿಫೆಂಡರ್‌ಗಳ ಬೆನ್ನು ಅಡ್ಡ. ಆಚೆ ಅಂಕಣಕ್ಕೆ ಹೋದಾಗ ಅವನ ಬೆನ್ನೇ ಕಾಣುತ್ತದೆ, ಹೊಸಬರು ಕ್ಯಾಮೆರಾ ಕೆಳಗಿಳಿಸಿಬಿಡುತ್ತಾರೆ. ನಿಜವಾದ ಚಿತ್ರ ಇರುವುದು ಆಗಲೇ. ಕಾರ್ನರ್ ಆಟಗಾರ ಪಾದ ಹಿಡಿದ ಕೂಡಲೇ ರೇಡರ್ ಗಿರಕ್ಕನೆ ತಿರುಗಿ ಮಿಡ್ ಲೈನ್ ಕಡೆಗೆ ಹಾರುತ್ತಾನೆ. ಅಂದರೆ ನೇರ ನಮ್ಮ ಕಡೆಗೆ. ಬಾಯಲ್ಲಿ ಇನ್ನೂ ಕಬಡ್ಡಿ ಕಬಡ್ಡಿ, ಬೆರಳ ತುದಿ ಗೆರೆಗೆ ಒಂದು ಗೇಣು ದೂರ, ಹಿಂದೆ ಕಾಲಿಗೆ ಜೋತುಬಿದ್ದವರ ಮುಖ. ಬುಲ್ಸ್ ಪಂದ್ಯದಲ್ಲಿ ನಾನು ಮಾಡಿದ್ದು ಇಷ್ಟೇ: ರೇಡರ್ ಆಚೆ ಹೋದಾಗೆಲ್ಲ ಗೆರೆಯ ಮೇಲೆ ಕಣ್ಣಿಟ್ಟು ಕಾಯುವುದು. ರೇಡಿಗೆ 30 ಸೆಕೆಂಡ್ ಇದ್ದರೂ ಹಿಡಿತ, ತಿರುವು, ಹಾರುವುದು ಎಲ್ಲ ಒಂದು ಉಸಿರಿನಲ್ಲಿ ಮುಗಿಯುತ್ತದೆ. ಝೂಮ್ ರಿಂಗ್ ತಿರುಗಿಸೋಕೆ ಸಮಯ ಎಲ್ಲಿದೆ?

ಬೆಳಕಿನ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. 1/1000 ಸೆಕೆಂಡಿಗೆ 70-200ರಲ್ಲಿ ಐಎಸ್ಓ (ಕಮ್ಮಿ ಬೆಳಕಲ್ಲಿ ಏರಿಸುವ ಸೆಟ್ಟಿಂಗ್) 3200 ಬೇಕಾಯಿತು, 85ರಲ್ಲಿ ಎಫ್2 ಇಟ್ಟು 1600 ಸಾಕಾಯಿತು. ಡಿ750ಗೆ ಎರಡೂ ಸುಲಭ.

ಎಲ್‌ಇಡಿ ಜಾಹೀರಾತು ಬೋರ್ಡಿನಿಂದ ಫೋಟೊದಲ್ಲಿ ಮೂಡುವ ಪಟ್ಟೆ ಎರಡರಲ್ಲೂ ಬರುತ್ತದೆ, ತಪ್ಪು ಲೆನ್ಸಿನ ಮೇಲೆ ಹಾಕಬೇಡಿ.

ತೂಕ: 70-200 ಒಂದೂವರೆ ಕೆಜಿ ಹತ್ತಿರ, 85 ಬರೀ 350 ಗ್ರಾಂ. ಮೂರು ಪಂದ್ಯ ನೆಲಕ್ಕೆ ಕೂತು ತೆಗೆದ ಮೇಲೆ ಭುಜವೇ ಹೇಳುತ್ತದೆ.

85 ಸೋಲುವ ಜಾಗ ಇದೆ. ಈಚೆ ಅಂಕಣದಲ್ಲಿ ಬೋನಸ್ ಲೈನ್ (ಕೊನೆಯ ಗೆರೆಗೆ ಮುಂಚಿನ ಗೆರೆ) ಹತ್ತಿರದ ಟ್ಯಾಕಲ್ ಐದು ಮೀಟರ್ ಒಳಗೇ ನಡೆಯುತ್ತದೆ, ಆಗ ಯಾರದೋ ಕಾಲು ಕಟ್, ಯಾರದೋ ತಲೆ ಕಟ್. ಅಲ್ಲಿ 70 ಇದ್ದರೆ ಸ್ವಲ್ಪ ಅನುಕೂಲ. ಆಚೆ ತುದಿಯ ಬೆಂಚಿನಲ್ಲಿ ಕೂತ ಕೋಚ್ ಮುಖ ಬೇಕಾದರೆ 200ಏ ಗತಿ. ಆದರೆ 85ರ ಫೋಟೊವನ್ನು ಅಗಲದಲ್ಲಿ ಅರ್ಧಕ್ಕೆ ಕತ್ತರಿಸಿದರೂ ಆರು ಮೆಗಾಪಿಕ್ಸೆಲ್ ಉಳಿಯುತ್ತದೆ. ವೆಬ್‌ಸೈಟಿಗೆ ಅದೇ ಜಾಸ್ತಿ.

ದುಡ್ಡಿಗೆ ಬಂದರೆ, ನನ್ನ 85 ಸೆಕೆಂಡ್ ಹ್ಯಾಂಡ್, 22 ಸಾವಿರ ಕೊಟ್ಟಿದ್ದು, ಮದುವೆಗಳಲ್ಲೇ ಅದರ ಅಸಲು ಬಂದಾಗಿದೆ. 70-200ಕ್ಕೆ ಬಾಡಿಗೆ, ಮೇಲೆ ಡಿಪಾಸಿಟ್, ಮಾರನೇ ದಿನ ಬೆಳಗ್ಗೆ ವಾಪಸ್ ಕೊಡೋಕೆ ಟ್ರಾಫಿಕ್ಕಿನಲ್ಲಿ ಒದ್ದಾಟ. ವೆಬ್‌ಸೈಟಿನವರು ಕೊಟ್ಟದ್ದು ಆ ಬಾಡಿಗೆಗೂ ಸಾಲಲಿಲ್ಲ. ಒಂದು ಪ್ರೆಸ್ ಏಜೆನ್ಸಿಗೆ ಕೆಲಸ ಮಾಡುವವರು, ಬೆವರಿನ ಹನಿ ಕಾಣುವ ಕ್ಲೋಸಪ್ ಕೊಡಲೇಬೇಕಾದವರು 70-200 ಸ್ವಂತಕ್ಕೇ ಕೊಳ್ಳಲಿ, ತಮ್ಮ ಕ್ಯಾಮೆರಾಗೆ ಟ್ಯೂನ್ ಮಾಡಿಸಿಕೊಳ್ಳಲಿ. ಪಕ್ಕದ ಹೊರಾಂಗಣ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತೆಗೆಯುವವರಿಗೂ 85 ಹೇಳಲ್ಲ. ಅಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಬೇರೆ ಇದೆ, 200 ಕೂಡ ಗಿಡ್ಡ ಅನಿಸುತ್ತದೆ. ಕಬಡ್ಡಿಗೆ ಬಾಡಿಗೆ ಲೆನ್ಸೇ ಬೇಕು ಅಂತಿದ್ದರೆ ಹಿಂದಿನ ದಿನವೇ ತಂದು, 70 ಮತ್ತು 200 ಎರಡರಲ್ಲೂ ಗೋಡೆ ಮೇಲಿನ ಕ್ಯಾಲೆಂಡರ್ ಒಂದು ಸಲ ತೆಗೆದು ನೋಡಿಬಿಡಿ.