ಕೀಬೋರ್ಡಿನ ನಗೆ ಎಮೋಜಿಗಳು: ಜೋರು ನಗೆಗೆ ಸೂಪರ್, ಸಣ್ಣ ನಗೆಗೆ ಸಾಲಲ್ಲ

ದಿನಾ ಬಳಸ್ತೀವಿ ಆದ್ರೆ ಇದಕ್ಕೆ ಯಾರೂ ರಿವ್ಯೂ ಬರೆದಿದ್ದು ನಾನಂತೂ ನೋಡಿಲ್ಲ, ಅದಕ್ಕೇ ಬರೀತಿದೀನಿ. ಫೋನಿನ ಕೀಬೋರ್ಡಲ್ಲಿ ಎಮೋಜಿ ಒತ್ತಿದ ಕೂಡ್ಲೇ ಮೊದಲು ಬರೋ ಆ ಹಳದಿ ಮುಖಗಳಿಗೆ ನನ್ನ ರೇಟಿಂಗ್ 5ಕ್ಕೆ 3.

ಜೋರು ನಗೆ ವಿಷಯದಲ್ಲಿ ಮಾತೇ ಇಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿರೋ ಮುಖ ಇದೆಯಲ್ಲ, ಅದು 2010ರಲ್ಲಿ ಯೂನಿಕೋಡ್‌ಗೆ, ಅಂದ್ರೆ ಎಲ್ಲ ಫೋನುಗಳೂ ಬಳಸೋ ಅಕ್ಷರ-ಎಮೋಜಿಗಳ ಪಟ್ಟಿಗೆ ಸೇರಿದ್ದು, 2015ರಲ್ಲಿ ಆಕ್ಸ್‌ಫರ್ಡ್ ಡಿಕ್ಷನರಿಯವರು ಒಂದು ಪದವನ್ನ ಬಿಟ್ಟು ಈ ಮುಖವನ್ನೇ ವರ್ಷದ ಪದ ಅಂತ ಆರಿಸಿದ್ರು. ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ ಅಂತ ಹೇಳೋಕೆ ಇದು ಸಾಕು. ಬಿದ್ದು ಬಿದ್ದು ನಗೋದಕ್ಕೆ ವಾಲಿಕೊಂಡಿರೋ ಮುಖ ಬೇರೆ ಇದೆ.

ತೊಂದ್ರೆ ಶುರುವಾಗೋದು ಮುಗುಳ್ನಗೆ ಹತ್ರ. ಕಣ್ಣು ಕಮಾನಿನ ಥರ ಬಾಗಿ ಕೆನ್ನೆ ಕೆಂಪಾಗಿರೋದು ತುಂಬಾ ಚೆನ್ನಾಗಿದೆ, ಯಾರಿಗೆ ಬೇಕಾದ್ರೂ ಧೈರ್ಯವಾಗಿ ಕಳಿಸಬಹುದು. ಆದ್ರೆ 2014ರಲ್ಲಿ ಬಂದ ಇನ್ನೊಂದಿದೆ, ಕಣ್ಣು ಬರೀ ಎರಡು ಚುಕ್ಕೆ, ತುಟಿ ಮಾತ್ರ ಸ್ವಲ್ಪ ಮೇಲೆ. ಇದನ್ನ ದೊಡ್ಡೋರು ಪ್ರೀತಿಯಿಂದ ಕಳಿಸ್ತಾರೆ, ಚಿಕ್ಕೋರು ನೋಡಿ ಏನೋ ಕೋಪ ಬಂದಿದೆ ಅನ್ಕೊಂಡು ಗಾಬರಿಯಾಗ್ತಾರೆ. ಇದಕ್ಕೆ ಕಾರಣ ಕಣ್ಣೇ ಅಂತ ನನಗನ್ಸುತ್ತೆ. ಫ್ರಾನ್ಸಿನ ಡಾಕ್ಟರ್ ಡುಶೆನ್ 1862ರಲ್ಲೇ ಬರೆದಿದ್ರು, ತುಟಿಯ ತುದಿ ಮೇಲೆಳೆಯೋ ಸ್ನಾಯು ನಾವು ಹೇಳಿದಂಗೆ ಕೇಳುತ್ತೆ, ಆದ್ರೆ ಮನಸಾರೆ ನಕ್ಕಾಗ ಮಾತ್ರ ಕಣ್ಣ ಸುತ್ತ ಇರೋ ಸ್ನಾಯು ಕೂಡ ಸೇರಿಕೊಳ್ಳುತ್ತೆ ಅಂತ. ಆ ಚುಕ್ಕೆ ಕಣ್ಣಿನ ಮುಖದಲ್ಲಿ ಇದೇ ಇಲ್ಲ, ಹಾಗಾಗಿ ಅದು ಮುಗುಳ್ನಗೆ ಹೋಗಿ ಹುಸಿನಗೆ ಆಗಿಬಿಡುತ್ತೆ.

ಹಲ್ಲು ಕಿರಿಯೋ ಮುಖದ ಕಥೆ ಇನ್ನೂ ಗೋಜಲು. 2016ರಲ್ಲಿ ಮಿನ್ನೆಸೋಟಾ ಯೂನಿವರ್ಸಿಟಿಯವರು ಬೇರೆ ಬೇರೆ ಕಂಪನಿಗಳ ಎಮೋಜಿ ಚಿತ್ರಗಳನ್ನ ಜನಕ್ಕೆ ತೋರಿಸಿ ನೋಡಿದ್ರು, ಕಣ್ಣು ಬಾಗಿಸಿ ಹಲ್ಲು ತೋರಿಸೋ ಒಂದೇ ಎಮೋಜಿ ಒಂದು ಕಂಪನಿಯ ಫೋನಲ್ಲಿ ಖುಷಿ, ಇನ್ನೊಂದು ಕಂಪನಿಯದ್ರಲ್ಲಿ ಹಲ್ಲು ಕಚ್ಚಿಕೊಂಡು ತಡ್ಕೊಂಡಿರೋ ಹಾಗೆ ಕಂಡಿತ್ತು. ಆಮೇಲೆ ಚಿತ್ರಗಳು ಎಷ್ಟೋ ಬದಲಾಗಿವೆ, ಆದ್ರೂ ನಾವು ಕಳಿಸಿದ ಮುಖಾನೇ ಅವರಿಗೆ ಕಾಣುತ್ತೆ ಅಂತ ನಂಬ್ಕೊಂಡು ಕೂರಬೇಡಿ, ಅದು ಅವರ ಫೋನು ಬಿಡಿಸಿ ತೋರಿಸೋ ಮುಖ.

ತುಟಿ ಒಂದು ಕಡೆ ಎಳೆದು ಓರೆಗಣ್ಣಲ್ಲಿ ನೋಡೋ ಕೊಂಕುನಗೆಗೆ ಫುಲ್ ಮಾರ್ಕ್ಸ್. 2020ರಲ್ಲಿ ಬಂದ, ನಗ್ತಾ ಇದ್ರೂ ಒಂದೇ ಒಂದು ಹನಿ ಕಣ್ಣೀರು ಇಳಿದಿರೋ ಮುಖಕ್ಕೂ ಅಷ್ಟೇ, ಮಗಳ ಮದುವೆ ಫೋಟೋ ಕೆಳಗೆ ಹಾಕೋಕೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ.

ಇನ್ನು ಇಲ್ಲದಿರೋದು. ನಾಟ್ಯಶಾಸ್ತ್ರದಲ್ಲಿ ನಗೆಯನ್ನೇ ಆರು ಥರ ಮಾಡಿದ್ದಾರೆ, ಸ್ಮಿತದಲ್ಲಿ ಹಲ್ಲು ಕಾಣಬಾರದು, ಹಸಿತದಲ್ಲಿ ಸ್ವಲ್ಪ ಕಾಣಬಹುದು, ಹೀಗೆ ಅತಿಹಸಿತದವರೆಗೂ ಹೋಗುತ್ತೆ. ಅಷ್ಟು ಸೂಕ್ಷ್ಮ ಈ ಸೆಟ್ಟಲ್ಲಿ ಇಲ್ಲ. ನನಗೆ ಮುಖ್ಯವಾಗಿ ಬೇಕಿರೋದು ಪೆಚ್ಚುನಗೆ. ಹೇಳಿದ ಜೋಕಿಗೆ ಯಾರೂ ನಗದೇ ಇದ್ದಾಗ ಬಾಯಿ ಅರ್ಧ ತೆರೆದು ಅಲ್ಲೇ ನಿಂತುಬಿಡುತ್ತಲ್ಲ, ಹುಬ್ಬು ಮೇಲೆ ಹೋಗಿ ಕಣ್ಣು ಮಾತ್ರ ನೆಲ ನೋಡುತ್ತಲ್ಲ, ಅದು. ಸದ್ಯಕ್ಕೆ ಎಲ್ಲರೂ ಬೆವರು ಹನಿಯ ಮುಖ ಹಾಕ್ತಾರೆ, ಆದ್ರೆ ಅದ್ರಲ್ಲಿ 'ಅಬ್ಬಾ ಬಚಾವಾದೆ' ಅನ್ನೋ ನಿರಾಳ ಜಾಸ್ತಿ, ಪೆಚ್ಚು ಕಮ್ಮಿ. ನಾನಂತೂ ಎಮೋಜಿ ಬಿಟ್ಟು 'ಪೆಚ್ಚುನಗೆ' ಅಂತಾನೇ ಟೈಪ್ ಮಾಡ್ತೀನಿ, ಎಲ್ಲರಿಗೂ ತಕ್ಷಣ ಅರ್ಥ ಆಗುತ್ತೆ. ಹೊಸ ಎಮೋಜಿ ಬೇಕು ಅಂತ ಯೂನಿಕೋಡ್ ಒಕ್ಕೂಟಕ್ಕೆ ಯಾರು ಬೇಕಾದ್ರೂ ಅರ್ಜಿ ಹಾಕಬಹುದು, ಮಾದರಿ ಚಿತ್ರ ಜೊತೆಗಿರಬೇಕು, ಜನಕ್ಕೆ ಯಾಕೆ ಬೇಕು ಅಂತಾನೂ ತೋರಿಸಬೇಕು. ಚಿತ್ರ ಬಿಡಿಸೋಕೆ ಬರೋರು ಯಾರಾದ್ರೂ ಇದ್ರೆ ಹೇಳಿ, ಬರೆಯೋ ಕೆಲಸ ನಾನು ಮಾಡ್ತೀನಿ.